ಆಕಾಶದಿಂದ ಹೊಲದ ಅಳತೆ: ಯಾರು ಮಾಡಿದ ನಕ್ಷೆಗೆ ಎಷ್ಟು ಬೆಲೆ?

ಜಮೀನಿನ ಅಳತೆ ಮತ್ತು ಗಡಿ ರೈತನಿಗೆ ಬೆಳೆಯಷ್ಟೇ ಮುಖ್ಯವಾದ ವಿಷಯ. ಒಂದು ಹಂಗಾಮಿನಲ್ಲಿ ಬೆಳೆ ಕೈಕೊಟ್ಟರೆ ಮುಂದಿನ ಹಂಗಾಮಿನಲ್ಲಿ ಸುಧಾರಿಸಿಕೊಳ್ಳಬಹುದು. ಗಡಿ ತಪ್ಪಿದರೆ ಆ ವ್ಯಾಜ್ಯ ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಆದ್ದರಿಂದಲೇ ನಮ್ಮ ಹಿರಿಯರು ಮೋಜಣಿಯ ದಿನ ಮನೆಯ ಬೇರೆ ಕೆಲಸವನ್ನೆಲ್ಲ ಬಿಟ್ಟು ಹೊಲದಲ್ಲಿ ಹಾಜರಿರುತ್ತಿದ್ದರು.

ಈಗ ಸರಪಳಿ ಹಿಡಿದು ನಡೆಯುವ ಕೆಲಸವನ್ನು ಡ್ರೋನ್ ಎಂಬ ಚಿಕ್ಕ ವಿಮಾನ ಆಕಾಶದಿಂದ ಮಾಡಬಲ್ಲದು. ಹತ್ತಾರು ಎಕರೆಯ ಚಿತ್ರವನ್ನು ಅದು ಒಂದು ಗಂಟೆಯೊಳಗೆ ತೆಗೆಯುತ್ತದೆ. ಆ ಚಿತ್ರದಿಂದ ಮಾಡಿದ ಬಣ್ಣದ ನಕ್ಷೆಯಲ್ಲಿ ಬದು, ಬಾವಿ, ಮರ, ಕಾಲುದಾರಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಇಂತಹ ನಕ್ಷೆ ಮಾಡಿಕೊಡುವ ಖಾಸಗಿಯವರೂ ಇದ್ದಾರೆ. ಆದರೆ ಈ ನಕ್ಷೆಯನ್ನು ನಂಬಿ ಜಮೀನು ಮಾರಬಹುದೇ, ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಬಹುದೇ, ಕಲ್ಲು ನೆಡಬಹುದೇ? ನಕ್ಷೆ ಮಾಡಿದವನಿಗೆ ಪರವಾನಗಿ ಬೇಕೇ, ಬೇಕಾದರೆ ಯಾವುದು? ಈ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಹಣ ಕೊಟ್ಟರೆ ಹಣವೂ ಹೋಗಬಹುದು, ನೆರೆಯವರ ಸ್ನೇಹವೂ ಕೆಡಬಹುದು. ಈ ವಿಷಯವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಸರಪಳಿಯಿಂದ ಡ್ರೋನ್‌ವರೆಗೆ

ಭಾರತದ ಸರ್ವೇಕ್ಷಣಾ ಇಲಾಖೆ 1767ರಲ್ಲಿ ಆರಂಭವಾಯಿತು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ವಿಲಿಯಂ ಲ್ಯಾಂಬ್ಟನ್ ಒಂದು ಆಧಾರ ರೇಖೆಯನ್ನು ಅಳೆದರು. ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತ ದೇಶದ ಮಹಾ ಮೋಜಣಿ ಮುಂದುವರಿಯಿತು. ದೇಶದ ನಕ್ಷೆಯ ಕೆಲಸ ಇದಾದರೆ, ರೈತನ ಹೊಲದ ಅಳತೆ ಕಂದಾಯದ ಮೋಜಣಿಯಿಂದ ಬಂತು. ನಮ್ಮ ಎಕರೆ, ಗುಂಟೆಗಳು ಆ ಕಾಲದ 33 ಅಡಿ ಸರಪಳಿಯ ಲೆಕ್ಕಕ್ಕೆ ಹೊಂದುತ್ತವೆ. ಉದ್ದ 33 ಅಡಿ, ಅಗಲ 33 ಅಡಿ ಇರುವ ಜಾಗ, ಅಂದರೆ 1,089 ಚದರ ಅಡಿ, ಒಂದು ಗುಂಟೆ. ಇಂತಹ 40 ಗುಂಟೆ ಸೇರಿದರೆ ಒಂದು ಎಕರೆ.

ಆ ಮೋಜಣಿಯ ಫಲವೇ ಇಂದಿಗೂ ಕಚೇರಿಯಲ್ಲಿರುವ ಟಿಪ್ಪಣಿ, ಆಕಾರ್‌ಬಂದ್ ಮತ್ತು ಗ್ರಾಮ ನಕ್ಷೆ. ಸರ್ವೆ ನಂಬರಿನ ಗಡಿ ಎಲ್ಲಿದೆ ಎಂಬ ಪ್ರಶ್ನೆ ಎದ್ದಾಗ ಈ ದಾಖಲೆಗಳನ್ನು ನೋಡಿಯೇ ತೀರ್ಮಾನ ಮಾಡಬೇಕು. ಈ ಮಾತನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಮುಂದಿನ ವಿವರಣೆಯೆಲ್ಲ ಇದರ ಮೇಲೆ ನಿಂತಿದೆ.

ವಿಮಾನದಿಂದ ಚಿತ್ರ ತೆಗೆದು ನಕ್ಷೆ ಮಾಡುವ ವಿದ್ಯೆ ಹೊಸದೇನಲ್ಲ. ಆದರೆ ನಮ್ಮ ದೇಶದಲ್ಲಿ ಬಹುಕಾಲ ಅದು ಸರ್ಕಾರದ ಇಲಾಖೆಗಳ ಮತ್ತು ಅನುಮತಿ ಪಡೆದ ಕೆಲವೇ ಸಂಸ್ಥೆಗಳ ಕೈಯಲ್ಲಿತ್ತು. 2021ರಲ್ಲಿ ಎರಡು ಬದಲಾವಣೆಗಳಾದವು. ಒಂದು, ನಕ್ಷೆ ತಯಾರಿಕೆಯ ನಿರ್ಬಂಧಗಳು ಸಡಿಲವಾದವು. ಇನ್ನೊಂದು, ಡ್ರೋನ್ ಹಾರಾಟಕ್ಕೆ ಸರಳವಾದ ನಿಯಮಗಳು ಬಂದವು. ಇದರಿಂದ ಖಾಸಗಿಯವರಿಗೂ ಈ ಕೆಲಸ ಸುಲಭವಾಯಿತು.

ಚಿತ್ರವು ನಕ್ಷೆಯಾಗುವ ಬಗೆ

ಡ್ರೋನ್ ಗೊತ್ತಾದ ಎತ್ತರದಲ್ಲಿ, ಉಳುವ ಸಾಲಿನಂತೆ ಹೋಗಿ ಬರುತ್ತ ನೂರಾರು ಚಿತ್ರ ತೆಗೆಯುತ್ತದೆ. ಒಂದು ಚಿತ್ರದ ಶೇಕಡಾ 70ರಿಂದ 80ರಷ್ಟು ಭಾಗ ಮುಂದಿನ ಚಿತ್ರದಲ್ಲಿಯೂ ಬರುವಂತೆ ನೋಡಿಕೊಳ್ಳಲಾಗುತ್ತದೆ. ಒಂದೇ ಜಾಗವನ್ನು ಹಲವು ಕಡೆಯಿಂದ ನೋಡಿದಾಗ ಅದರ ಸ್ಥಾನವನ್ನೂ ಎತ್ತರವನ್ನೂ ಲೆಕ್ಕ ಹಾಕಬಹುದು. ಗಣಕಯಂತ್ರ ಈ ಲೆಕ್ಕವನ್ನು ಮಾಡಿ ಎಲ್ಲ ಚಿತ್ರಗಳನ್ನೂ ಹೊಲಿದು ಒಂದೇ ನಕ್ಷೆಯಾಗಿ ಕೊಡುತ್ತದೆ.

ಈ ನಕ್ಷೆ ಎಷ್ಟು ನಿಖರ ಎಂಬುದು ಮುಖ್ಯವಾಗಿ ನೆಲದ ಕೆಲಸವನ್ನು ಅವಲಂಬಿಸಿದೆ. ಹೊಲದಲ್ಲಿ ಕೆಲವು ಕಡೆ ಗುರುತಿನ ಹಲಗೆಗಳನ್ನು ಇಟ್ಟು, ಅವುಗಳ ಸ್ಥಾನವನ್ನು ಉತ್ತಮ ಉಪಕರಣದಿಂದ ಅಳೆದು, ನಕ್ಷೆಯನ್ನು ಅವುಗಳಿಗೆ ಕಟ್ಟಬೇಕು. ಇವುಗಳಿಗೆ ನೆಲದ ನಿಯಂತ್ರಣ ಬಿಂದುಗಳು ಎನ್ನುತ್ತಾರೆ. ಇವುಗಳನ್ನು ಸರಿಯಾಗಿ ಇಟ್ಟರೆ ತೆರೆದ ಹೊಲದಲ್ಲಿ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಇವು ಇಲ್ಲದೆ, ಡ್ರೋನಿನಲ್ಲಿರುವ ಸಾಮಾನ್ಯ ಜಿಪಿಎಸ್ ಒಂದನ್ನೇ ನಂಬಿದರೆ ನಕ್ಷೆ ಕೆಲವು ಮೀಟರುಗಳಷ್ಟು ಅತ್ತಿತ್ತ ಸರಿದಿರಬಹುದು. ನೋಡಲು ಎರಡು ನಕ್ಷೆಗಳೂ ಒಂದೇ ತರಹ ಸುಂದರವಾಗಿರುತ್ತವೆ. ಕಣ್ಣಿನಿಂದ ವ್ಯತ್ಯಾಸ ತಿಳಿಯುವುದಿಲ್ಲ.

ಕೆಲವು ಮೀಟರ್ ಎಂದರೆ ರೈತನಿಗೆ ಎಷ್ಟು? ಲೆಕ್ಕ ಸುಲಭ. ಒಂದು ಗುಂಟೆ ಸುಮಾರು 101 ಚದರ ಮೀಟರ್. ನೂರು ಮೀಟರ್ ಉದ್ದದ ಬದುವಿನಲ್ಲಿ ಗಡಿ ಒಂದು ಮೀಟರ್ ಸರಿದರೆ ಹೆಚ್ಚುಕಡಿಮೆ ಒಂದು ಗುಂಟೆ ಅತ್ತ ಅಥವಾ ಇತ್ತ ಹೋಯಿತು. ನಾಲ್ಕು ಎಕರೆಯ ಚೌಕವಾದ ಹೊಲದ ಒಂದು ಬದಿ ಸುಮಾರು 127 ಮೀಟರ್. ಆ ಬದಿಯ ಗಡಿ ಮೂರು ಮೀಟರ್ ತಪ್ಪಿದರೆ ಸುಮಾರು 3.8 ಗುಂಟೆ ವ್ಯತ್ಯಾಸ. ಪಟ್ಟಣದ ಅಂಚಿನ ಊರಿನಲ್ಲಿ ಇಷ್ಟು ಜಾಗಕ್ಕೆ ಮನೆಗಳೇ ಮುರಿಯುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ನಕ್ಷೆ ಇಡಿಯಾಗಿ ಮೂರು ಮೀಟರ್ ಸರಿದಿದ್ದರೆ ಹೊಲದ ವಿಸ್ತೀರ್ಣ ಸರಿಯಾಗಿಯೇ ಬರುತ್ತದೆ, ಜಾಗ ಮಾತ್ರ ತಪ್ಪಿರುತ್ತದೆ. “ಪಹಣಿಯ ಎಕರೆಗೂ ಇದಕ್ಕೂ ತಾಳೆಯಾಯಿತು, ಆದ್ದರಿಂದ ನಕ್ಷೆ ಸರಿ” ಎಂದು ತಿಳಿಯುವುದು ಇದರಿಂದಲೇ ತಪ್ಪಾಗುತ್ತದೆ.

ಇಳಿಜಾರು ಜಮೀನಿನಲ್ಲಿಯೂ ಎಚ್ಚರ ಬೇಕು. ಮೋಜಣಿಯಲ್ಲಿ ಸಮತಲದ ವಿಸ್ತೀರ್ಣವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನೂರು ಮೀಟರಿಗೆ 20 ಮೀಟರ್ ಇಳಿಯುವ ನೆಲದ ಮೇಲೆ ಟೇಪು ಹಾಸಿ ಅಳೆದರೆ 102 ಮೀಟರ್ ಬರುತ್ತದೆ, ಸಮತಲದ ಉದ್ದ 100 ಮೀಟರ್ ಮಾತ್ರ. ಅಡಿಕೆ ಅಥವಾ ಕಾಫಿ ತೋಟದಲ್ಲಿ ಡ್ರೋನಿಗೆ ಕಾಣುವುದು ಮರದ ತಲೆ, ನೆಲವಲ್ಲ. ಬುಡದಲ್ಲಿರುವ ಬಾಂದುಕಲ್ಲು ಚಿತ್ರದಲ್ಲಿ ಬರುವುದೇ ಇಲ್ಲ.

ಡ್ರೋನಿಗೆ ಬದು ಕಾಣುತ್ತದೆ, ಗಡಿ ಕಾಣುವುದಿಲ್ಲ

ನಿಖರತೆಗಿಂತಲೂ ಮುಖ್ಯವಾದ ಮಾತು ಇದು. ಆಕಾಶದ ಚಿತ್ರ ಇಂದು ನೆಲದ ಮೇಲೆ ಏನಿದೆ ಎಂಬುದನ್ನು ತೋರಿಸುತ್ತದೆ. ಬದು ಇಂದು ಇಲ್ಲಿದೆ, ಉಳುಮೆ ಇಲ್ಲಿಯವರೆಗೆ ಬಂದಿದೆ ಎಂದಷ್ಟೇ ಅದು ಹೇಳಬಲ್ಲದು. ಆ ಬದು ವರ್ಷ ವರ್ಷ ನೇಗಿಲಿಗೆ ಸಿಕ್ಕಿ ಎರಡು ಅಡಿ ಸರಿದಿರಬಹುದು. ನಡುವಿನ ಬಂಡಿದಾರಿ ಖರಾಬಿನಲ್ಲಿರಬಹುದು. ಕಲ್ಲು ಕಿತ್ತು ಬೇರೆ ಕಡೆ ನೆಟ್ಟಿರಬಹುದು. ಟಿಪ್ಪಣಿಯ ಪ್ರಕಾರ ಗಡಿ ಎಲ್ಲಿರಬೇಕು ಎಂಬುದು ಚಿತ್ರಕ್ಕೆ ತಿಳಿಯದು. ಅದನ್ನು ತಿಳಿಯಲು ಹಳೆಯ ದಾಖಲೆ ಓದಬೇಕು, ಉಳಿದಿರುವ ಕಲ್ಲುಗಳನ್ನು ಹುಡುಕಬೇಕು, ಅಕ್ಕಪಕ್ಕದ ಹಿಡುವಳಿದಾರರ ಎದುರಿನಲ್ಲಿ ಅಳೆಯಬೇಕು, ಕೊನೆಗೆ ತನ್ನ ಅಳತೆಗೆ ಹೊಣೆ ಹೊತ್ತು ಸಹಿ ಮಾಡಬೇಕು. ಕಾನೂನು ಪರವಾನಗಿಯನ್ನು ಬಯಸುವುದು ಈ ಕೆಲಸಕ್ಕೆ.

ಮೂರು ಕೆಲಸ, ಮೂರು ನಿಯಮ

ಡ್ರೋನ್ ಮೋಜಣಿ ಎಂದು ಒಂದೇ ಹೆಸರಿನಿಂದ ಕರೆಯುವ ಕೆಲಸದಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಪ್ರತಿಯೊಂದಕ್ಕೂ ನಿಯಮ ಬೇರೆ.

1. ಹಾರಿಸುವುದು: ಇದಕ್ಕೆ 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಮಿನವರೆಗಿನವು ನ್ಯಾನೊ, ಅಲ್ಲಿಂದ 2 ಕಿಲೋವರೆಗೆ ಮೈಕ್ರೊ, 2ರಿಂದ 25 ಕಿಲೋವರೆಗೆ ಸಣ್ಣ ಡ್ರೋನ್‌ಗಳು. ಹಣ ಪಡೆದು ಮಾಡುವ ಕೆಲಸಕ್ಕೆ ನ್ಯಾನೊ ಬಿಟ್ಟು ಉಳಿದ ಡ್ರೋನ್‌ಗಳನ್ನು ಹಾರಿಸುವವನ ಬಳಿ ದೂರಸ್ಥ ಪೈಲಟ್ ಪ್ರಮಾಣಪತ್ರ ಇರಬೇಕು. ಅದನ್ನು ಪಡೆಯಲು ವಯಸ್ಸು 18ರಿಂದ 65ರೊಳಗೆ ಇರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿರಬೇಕು. ಪ್ರಮಾಣಪತ್ರದ ಅವಧಿ ಹತ್ತು ವರ್ಷ. ಡ್ರೋನಿಗೂ ನೋಂದಣಿ ಸಂಖ್ಯೆ ಮತ್ತು ಮೂರನೆಯವರ ಹಾನಿಗೆ ವಿಮೆ ಬೇಕು. ಹಸಿರು ವಲಯವೆಂದು ಗುರುತಿಸಿದ ಪ್ರದೇಶದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ವಿಮಾನ ನಿಲ್ದಾಣದ ಸಮೀಪದ ಊರುಗಳಿಗೆ ಮಿತಿಗಳಿವೆ.

ಈ ಪ್ರಮಾಣಪತ್ರ ಸುರಕ್ಷಿತವಾಗಿ ಹಾರಿಸಲು ಬರುತ್ತದೆ ಎಂಬುದಕ್ಕೆ ಸಾಕ್ಷಿ. ಬಸ್ಸಿನ ಚಾಲಕನ ಲೈಸೆನ್ಸು ಅವನನ್ನು ರಸ್ತೆ ಕಟ್ಟುವ ಎಂಜಿನಿಯರ್ ಮಾಡುವುದಿಲ್ಲ. ಹಾಗೆಯೇ ಔಷಧಿ ಸಿಂಪಡಿಸುವ ಅಥವಾ ಚಿತ್ರ ತೆಗೆಯುವ ಡ್ರೋನ್ ಪೈಲಟ್ ಭೂಮಾಪಕನಾಗುವುದಿಲ್ಲ.

2. ನಕ್ಷೆ ತಯಾರಿಸುವುದು: 2021ರ ಫೆಬ್ರವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊಸ ಮಾರ್ಗಸೂಚಿಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಭಾರತೀಯರು ನಕ್ಷೆಯ ಮಾಹಿತಿ ಸಂಗ್ರಹಿಸಲು, ನಕ್ಷೆ ತಯಾರಿಸಲು ಮೊದಲೇ ಅನುಮತಿ ಅಥವಾ ಪರವಾನಗಿ ಪಡೆಯಬೇಕಾಗಿಲ್ಲ. ರಕ್ಷಣೆಯಂತಹ ಸೂಕ್ಷ್ಮ ವಿಷಯಗಳಿಗೆ ಮಾತ್ರ ನಿರ್ಬಂಧ ಉಳಿಯಿತು. 2022ರ ಡಿಸೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಇದೇ ದಾರಿಯಲ್ಲಿದೆ. ಅಂದರೆ ನಕ್ಷೆ ಮಾಡಲು ಯಾರಿಗೂ ಅಡ್ಡಿಯಿಲ್ಲ. ಇದು ಒಳ್ಳೆಯದೇ. ಆದರೆ ನಕ್ಷೆ ಮಾಡಿದವನು ಯಾವ ಪರೀಕ್ಷೆಯನ್ನೂ ಪಾಸು ಮಾಡಿರಬೇಕಾಗಿಲ್ಲ ಎಂಬುದೂ ಇದರ ಅರ್ಥ.

3. ಗಡಿ ಅಳೆದು ದಾಖಲೆ ಕೊಡುವುದು: ಇದು ಕರ್ನಾಟಕ ಭೂಕಂದಾಯ ಅಧಿನಿಯಮ, 1964 ಮತ್ತು ಅದರ ನಿಯಮಗಳಿಗೆ ಸೇರಿದ ವಿಷಯ. ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಸರ್ಕಾರಿ ಭೂಮಾಪಕರು, ಇಲ್ಲವೇ ಇಲಾಖೆಯಿಂದ ಪರವಾನಗಿ ಪಡೆದ ಭೂಮಾಪಕರು ಮಾತ್ರ ಈ ಕೆಲಸಕ್ಕೆ ಅಧಿಕಾರ ಉಳ್ಳವರು. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ, ದಾನ ಕೊಡುವಾಗ, ವಿಭಾಗ ಮಾಡಿಕೊಳ್ಳುವಾಗ ನೋಂದಣಿಗೆ ಬೇಕಾಗುವ 11-ಇ ನಕ್ಷೆಯನ್ನು ಇವರೇ ತಯಾರಿಸಬೇಕು. ಪೋಡಿ, ಹದ್ದುಬಸ್ತುಗಳಿಗೂ ಇಲಾಖೆಗೇ ಅರ್ಜಿ ಕೊಡಬೇಕು. ಖಾಸಗಿಯವರು ಎಷ್ಟೇ ನಿಖರವಾದ ಡ್ರೋನ್ ನಕ್ಷೆ ಕೊಟ್ಟರೂ ಅದು 11-ಇ ನಕ್ಷೆಯ ಜಾಗದಲ್ಲಿ ನಿಲ್ಲುವುದಿಲ್ಲ.

ಸ್ವಾಮಿತ್ವ ಯೋಜನೆ ಹೇಳುವ ಪಾಠ

“ಸರ್ಕಾರವೇ ಡ್ರೋನ್ ಹಾರಿಸಿ ಹಕ್ಕುಪತ್ರ ಕೊಡುತ್ತಿದೆಯಲ್ಲ?” ಎಂದು ಕೆಲವರು ಕೇಳಬಹುದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಾಗೆ ಮಾಡಲಾಗುತ್ತಿದೆ. ಮೊದಲ ಹಂತಕ್ಕೆ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆದರೆ ಎರಡು ವಿಷಯ ತಿಳಿದಿರಬೇಕು. ಮೊದಲನೆಯದು, ಈ ಯೋಜನೆ ಊರೊಳಗಿನ ಮನೆ, ಹಿತ್ತಿಲು, ನಿವೇಶನಗಳಿಗೆ ಸಂಬಂಧಿಸಿದ್ದು. ಹೊಲಗದ್ದೆಗಳಿಗೆ ಸಂಬಂಧಿಸಿದ್ದಲ್ಲ. ಎರಡನೆಯದು, ಡ್ರೋನ್ ಹಾರುವ ಮೊದಲು ನೆಲದ ಮೇಲೆ ಆಸ್ತಿಯ ಎಲ್ಲೆಗಳಿಗೆ ಸುಣ್ಣದ ಗೆರೆ ಎಳೆಯಲಾಗುತ್ತದೆ. ಚಿತ್ರ ತೆಗೆದ ಮೇಲೆ ವಿಚಾರಣೆ ಮಾಡಿ, ಆಕ್ಷೇಪಣೆ ಕೇಳಿ, ಆ ನಂತರವೇ ಕಾರ್ಡು ಕೊಡಲಾಗುತ್ತದೆ. ಇಲ್ಲಿ ಹಕ್ಕಿನ ದಾಖಲೆಗೆ ಬಲ ಬಂದಿರುವುದು ನೆಲದ ಮೇಲಿನ ಗೆರೆ, ವಿಚಾರಣೆ ಮತ್ತು ಅಧಿಕಾರಿಯ ಸಹಿಯಿಂದ. ಡ್ರೋನ್ ಬೇಗ ಅಳೆಯುವ ಸಾಧನ ಅಷ್ಟೆ.

ಬೇರೆ ದೇಶದಲ್ಲಿ ಎದ್ದ ಪ್ರಶ್ನೆ

ಈ ಗೊಂದಲ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಭೂಮಾಪಕರಿಗೆ ಆಯಾ ರಾಜ್ಯಗಳು ಪರವಾನಗಿ ಕೊಡುತ್ತವೆ. ಆರಿಗನ್, ದಕ್ಷಿಣ ಕ್ಯಾರೊಲಿನದಂತಹ ಕೆಲವು ರಾಜ್ಯಗಳು ಆಕಾಶದ ಚಿತ್ರಗಳಿಂದ ಅಳತೆ ಮಾಡುವವರಿಗೆ ಪ್ರತ್ಯೇಕ ಪರವಾನಗಿಯನ್ನೇ ಇಟ್ಟಿವೆ. ಉತ್ತರ ಕ್ಯಾರೊಲಿನದಲ್ಲಿ ಒಬ್ಬ ಡ್ರೋನ್ ಚಾಲಕ ಗ್ರಾಹಕರಿಗೆ ಅಳತೆಯ ಮಾಹಿತಿ ಇರುವ ಚಿತ್ರನಕ್ಷೆ ಮಾಡಿಕೊಡಲು ಹೊರಟಾಗ, ಇದು ಪರವಾನಗಿಯಿಲ್ಲದ ಮೋಜಣಿ ಎಂದು ಅಲ್ಲಿನ ಪರವಾನಗಿ ಮಂಡಳಿ ತಡೆಯಿತು. ಚಿತ್ರ ಮತ್ತು ಮಾಹಿತಿ ಕೊಡುವುದು ವಾಕ್ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು ಆತ 2021ರಲ್ಲಿ ದಾವೆ ಹೂಡಿದ. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಮಂಡಳಿಯ ಪರವಾಗಿ ತೀರ್ಪು ಕೊಟ್ಟಿತು.

ಎರಡು ಕಡೆಯ ವಾದದಲ್ಲಿಯೂ ಹುರುಳಿದೆ. ತಪ್ಪು ಅಳತೆಯಿಂದ ಜನರಿಗೆ ನಷ್ಟವಾಗುತ್ತದೆ, ಆದ್ದರಿಂದ ಅಳೆಯುವವನು ಪರೀಕ್ಷೆಗೆ ಒಳಗಾಗಿರಬೇಕು ಎನ್ನುವುದು ಒಂದು ವಾದ. ಪ್ರತಿ ಚಿತ್ರನಕ್ಷೆಗೂ ಪರವಾನಗಿ ಕೇಳಿದರೆ ಕೆಲಸ ಕೆಲವರ ಸ್ವತ್ತಾಗುತ್ತದೆ, ಸಾಮಾನ್ಯರಿಗೆ ದುಬಾರಿಯಾಗುತ್ತದೆ ಎನ್ನುವುದು ಇನ್ನೊಂದು. ನಮ್ಮ ರೈತನ ದೃಷ್ಟಿಯಿಂದ ನೋಡಿದರೆ, ಕೃಷಿ ಹೊಂಡಕ್ಕೆ ಜಾಗ ಹುಡುಕಲು ಮಾಡಿಸುವ ನಕ್ಷೆಗೆ ಭೂಮಾಪಕನ ಪರವಾನಗಿ ಕೇಳುವುದು ಅನಾವಶ್ಯಕ ಹೊರೆ. ಗಡಿಕಲ್ಲು ನೆಡುವ ಅಳತೆಗೆ ಪರವಾನಗಿ ಕೇಳದಿರುವುದು ಅಪಾಯ. ನಮ್ಮಲ್ಲಿ ಈಗಿರುವ ಏರ್ಪಾಡು ಹೆಚ್ಚುಕಡಿಮೆ ಈ ಎರಡರ ನಡುವೆ ಗೆರೆ ಎಳೆಯುತ್ತದೆ. ಆ ಗೆರೆ ಎಲ್ಲಿದೆ ಎಂಬುದು ರೈತನಿಗೆ ತಿಳಿದಿರಬೇಕು.

ಯಾವ ಕೆಲಸಕ್ಕೆ ಯಾರು?

ಕೆಳಗಿನ ಕೆಲಸಗಳಿಗೆ ಒಳ್ಳೆಯ ಡ್ರೋನ್ ನಕ್ಷೆ ಸಾಕು. ಹಾರಿಸುವವನ ಪ್ರಮಾಣಪತ್ರ ಮಾತ್ರ ನೋಡಬೇಕು:

- ಸಮಪಾತಳಿ ಬದು, ಕೃಷಿ ಹೊಂಡ, ಬಸಿಗಾಲುವೆಗಳ ಜಾಗ ಗುರುತಿಸಲು.
- ಹನಿ ನೀರಾವರಿಯ ಕೊಳವೆ ಸಾಲುಗಳ ಯೋಜನೆಗೆ.
- ತೋಟದ ಗಿಡಗಳ ಎಣಿಕೆಗೆ.
- ನೀರು ನಿಲ್ಲುವ, ಬೆಳೆ ಸೊರಗಿದ, ರೋಗ ತಗುಲಿದ ಭಾಗಗಳನ್ನು ಕಂಡುಕೊಳ್ಳಲು.
- ಬಿತ್ತನೆ ಬೀಜ ಮತ್ತು ಗೊಬ್ಬರದ ಅಂದಾಜಿಗಾಗಿ ಬೆಳೆಯ ವಿಸ್ತೀರ್ಣ ತಿಳಿಯಲು.

ಕೆಳಗಿನ ಕೆಲಸಗಳಿಗೆ ಸರ್ಕಾರಿ ಅಥವಾ ಪರವಾನಗಿ ಪಡೆದ ಭೂಮಾಪಕರೇ ಬೇಕು:

- ಸರ್ವೆ ನಂಬರಿನ ಭಾಗವನ್ನು ಮಾರಲು, ಕೊಳ್ಳಲು, ದಾನ ಕೊಡಲು.
- ಅಣ್ಣತಮ್ಮಂದಿರ ವಿಭಾಗಕ್ಕೆ ಮತ್ತು ಜಂಟಿ ಪಹಣಿಯಿಂದ ಪೋಡಿ ಮಾಡಿಸಲು.
- ಒತ್ತುವರಿಯಾಗಿದೆಯೇ ಎಂದು ತಿಳಿಯಲು, ಹದ್ದುಬಸ್ತಿಗೆ.
- ಬೇಸಾಯದ ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಲು.

ಮೊಬೈಲಿನಲ್ಲಿ ಸಿಗುವ ದಿಶಾಂಕ್ ಆ್ಯಪಿನ ಬಗ್ಗೆಯೂ ಒಂದು ಮಾತು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ತಯಾರಿಸಿದ ಇದು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಮಾಹಿತಿಗೆ ಬಹಳ ಉಪಯುಕ್ತ. ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪು ತೋರಿಸುವುದು ಸಾಮಾನ್ಯ. ಅದನ್ನು ಹಿಡಿದುಕೊಂಡು ನೆರೆಯವರ ಬದುವಿನ ಮೇಲೆ ನಿಂತು ವಾದ ಮಾಡಬಾರದು.

ಕೆಲಸ ಒಪ್ಪಿಸುವ ಮುನ್ನ

ಡ್ರೋನ್ ನಕ್ಷೆ ಮಾಡಿಸುವವರು ಈ ಪ್ರಶ್ನೆಗಳನ್ನು ಕೇಳಬೇಕು:

1. ನಕ್ಷೆ ಯಾವ ಕೆಲಸಕ್ಕೆ? ಅದನ್ನು ಒಪ್ಪಂದದ ಚೀಟಿಯಲ್ಲಿ ಬರೆದುಕೊಡುತ್ತೀರಾ?
2. ದೂರಸ್ಥ ಪೈಲಟ್ ಪ್ರಮಾಣಪತ್ರ, ಡ್ರೋನಿನ ನೋಂದಣಿ ಸಂಖ್ಯೆ, ವಿಮೆ ಇವೆಯೇ?
3. ನೆಲದ ನಿಯಂತ್ರಣ ಬಿಂದುಗಳನ್ನು ಎಷ್ಟು ಕಡೆ, ಹೇಗೆ ಅಳೆದಿರಿ?
4. ನಕ್ಷೆಯ ತಪ್ಪು ಎಷ್ಟರೊಳಗೆ ಇದೆ? ಅದನ್ನು ಹೇಗೆ ಪರೀಕ್ಷಿಸಿದಿರಿ?

ಮೂರು, ನಾಲ್ಕನೆಯ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದಿದ್ದರೆ ನಕ್ಷೆಯನ್ನು ನೋಡಲು ಮಾತ್ರ ಇಟ್ಟುಕೊಳ್ಳಬೇಕು, ಅಳತೆಗೆ ಬಳಸಬಾರದು. ರೈತನೂ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಎರಡು ಗುರುತುಗಳ ನಡುವಿನ, ಉದಾಹರಣೆಗೆ ಪಂಪ್‌ಸೆಟ್ ಮನೆಯ ಮೂಲೆಯಿಂದ ಬಾವಿಯ ಕಟ್ಟೆಯವರೆಗಿನ, ದೂರವನ್ನು ಸಮತಟ್ಟು ನೆಲದಲ್ಲಿ ಟೇಪಿನಿಂದ ಅಳೆದು ನಕ್ಷೆಯ ದೂರದೊಡನೆ ಹೋಲಿಸಬೇಕು. ಎರಡೂ ತಾಳೆಯಾಗದಿದ್ದರೆ ನಕ್ಷೆಯ ಅಳತೆಯನ್ನು ನಂಬಬಾರದು. ತಾಳೆಯಾದರೆ ಅಳತೆಯ ಪ್ರಮಾಣ ಸರಿ ಎಂದಷ್ಟೇ ಅರ್ಥ. ಗಡಿಯ ಸ್ಥಾನಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಗಡಿಯ ಅಳತೆ ಮಾಡಿಸುವವರು ಅರ್ಜಿಯನ್ನು ಇಲಾಖೆಯ ಮೂಲಕವೇ ಕೊಡಬೇಕು. ನಿಗದಿಯಾದ ಶುಲ್ಕ ಕಟ್ಟಿ ರಸೀದಿ ಪಡೆದು ಇಟ್ಟುಕೊಳ್ಳಬೇಕು. ಅಳೆಯಲು ಬಂದವರ ಪರವಾನಗಿಯ ಗುರುತಿನ ಚೀಟಿ ನೋಡುವುದರಲ್ಲಿ ಸಂಕೋಚ ಬೇಡ. ಅಳತೆಯ ದಿನ ಅಕ್ಕಪಕ್ಕದ ಹಿಡುವಳಿದಾರರು ಹಾಜರಿರುವಂತೆ ನೋಡಿಕೊಂಡರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ. ಅಳತೆ ಸರಿಯಿಲ್ಲವೆಂದು ಕಂಡರೆ ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ ಲಿಖಿತವಾಗಿ ತಿಳಿಸಬೇಕು. ಜಮೀನಿನ ಒಡೆತನದ ವಿವಾದವನ್ನು ಮಾತ್ರ ಭೂಮಾಪಕರು ತೀರ್ಮಾನಿಸಲಾರರು. ಅದಕ್ಕೆ ಸಿವಿಲ್ ನ್ಯಾಯಾಲಯವಿದೆ. ನೆಟ್ಟ ಗಡಿಕಲ್ಲುಗಳನ್ನು ಕಾಪಾಡುವುದು ಹಿಡುವಳಿದಾರರ ಹೊಣೆ ಎಂಬುದನ್ನು ಮರೆಯಬಾರದು.

ಪರವಾನಗಿ ಇದ್ದ ಮಾತ್ರಕ್ಕೆ ಅಳತೆ ತಪ್ಪಾಗುವುದಿಲ್ಲ ಎಂದು ತಿಳಿಯಬೇಕಾಗಿಲ್ಲ. ಭೂಮಾಪಕರೂ ಮನುಷ್ಯರೇ. ಆದರೆ ಪರವಾನಗಿ ಉಳ್ಳವರ ಕೆಲಸಕ್ಕೆ ಒಂದು ಹೆಸರು, ಒಂದು ಸಹಿ, ಕೇಳಲು ಒಂದು ಕಚೇರಿ ಇರುತ್ತದೆ. ತಪ್ಪಾದರೆ ತಿದ್ದಿಸಲು ದಾರಿಯಿರುತ್ತದೆ. ಯಾರೋ ಬಂದು ಅಳೆದು ಹೋದ ನಕ್ಷೆಗೆ ಇವು ಯಾವುವೂ ಇರುವುದಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮಸಭೆ, ಕ್ಷೇತ್ರೋತ್ಸವಗಳಲ್ಲಿ ಡ್ರೋನ್ ಪ್ರಾತ್ಯಕ್ಷಿಕೆ ಏರ್ಪಡಿಸುವಾಗ ಸಿಂಪರಣೆ, ಬೆಳೆಯ ಪರೀಕ್ಷೆ ಮತ್ತು ಗಡಿಯ ಅಳತೆ ಬೇರೆ ಬೇರೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಪ್ರಾತ್ಯಕ್ಷಿಕೆಯ ನಕ್ಷೆಯನ್ನು ರೈತರಿಗೆ ಕೊಡುವಾಗ “ಬೇಸಾಯದ ಯೋಜನೆಗೆ ಮಾತ್ರ, ಗಡಿಯ ದಾಖಲೆಯಲ್ಲ” ಎಂದು ಅದರ ಮೇಲೆಯೇ ಬರೆಯುವುದು ಒಳ್ಳೆಯದು. ಈ ಒಂದು ಸಾಲು ಮುಂದೆ ಹತ್ತು ವರ್ಷದ ವ್ಯಾಜ್ಯವನ್ನು ತಪ್ಪಿಸಬಹುದು. ಕಾಗದದ ಮೇಲೆ ಸಹಿ ಮಾಡಿದವರು ಯಾರು, ಅವರಿಗೆ ಆ ಸಹಿ ಮಾಡುವ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸವನ್ನೂ ರೈತರಲ್ಲಿ ಬೆಳೆಸಬೇಕು.